ಮುನ್ನೂರ ಎಂಬತ್ತೇಳನೆಯ ಸಾಲು

ಮುನ್ನೂರ ಎಂಬತ್ತೇಳನೆಯ ಸಾಲು ತನ್ನದೇ ಎಂಬುದು ಬೆಳಗ್ಗೆ ಹತ್ತು ಗಂಟೆಗೆ ಗೊತ್ತಾದಾಗ ದೆಸಾಂಕಾ ಎದ್ದು ಹೋಗಿ ಕಿಟಕಿ ತೆರೆದಳು. ಮಾಡಲು ಬೇರೆ ಏನೂ ತೋಚಲಿಲ್ಲ. ಡಾನ್ಯೂಬ್ ಕಡೆಯಿಂದ ನವೆಂಬರಿನ ಗಾಳಿ ನುಗ್ಗಿತು, ಹಿಂದಿನ ಬಾಗಿಲು ಬೇರೆ ತೆರೆದಿತ್ತು, ಮೇಜಿನ ಮೇಲಿನ ಕಾಗದ ಹಾರಿತು. "ಮುಚ್ರೀ ತಾಯಿ, ಎದುರುಗಾಳಿ! ಕುತ್ತಿಗೆ ಹಿಡ್ಕೊಂಡು ಸತ್ತೇ ಹೋಗ್ತೀವಿ!" ಎಂದು ಹಿಂದಿನಿಂದ ಒಬ್ಬರಲ್ಲ, ಮೂವರು ಕೂಗಿದರು. ಅವಳು ಮುಚ್ಚಿದಳು. ಎದುರುಗಾಳಿಗೆ ಹೆದರುವ ಜನ ಎಂದು ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಇವತ್ತು, ಹೌದು, ಕುತ್ತಿಗೆ ಹಿಡಿಯಬಹುದು, ನನ್ನಿಂದ ಆಗುವುದೆಲ್ಲ ಹೀಗೆಯೇ, ಸುಮ್ಮನೆ ಒಂದು ಕಿಟಕಿ ತೆರೆದರೂ ಯಾರದೋ ಕುತ್ತಿಗೆ, ಎಂದುಕೊಂಡು ಕುರ್ಚಿಗೆ ಬಂದಳು. ಪರದೆಯ ಮೇಲೆ ಆ ಸಾಲು ಹಾಗೆಯೇ ಇತ್ತು. ಅದರ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಅವಳ ಹೆಸರು, ಹೋದ ವರ್ಷದ ನವೆಂಬರ್ ಹದಿನಾರು ಎಂಬ ತಾರೀಖು. ಇವತ್ತೂ ನವೆಂಬರ್ ಹದಿನಾರು. ಹಿರಿಯ ಸಹೋದ್ಯೋಗಿ ವ್ಲಾದೆತಾನ ಕುರ್ಚಿ ಇವತ್ತೂ ಖಾಲಿ.

ಆ ಪಟ್ಟಿಯಲ್ಲಿ ನಾನೂರ ಹನ್ನೆರಡು ಸಾಲುಗಳಿದ್ದವು, ಹೊಸ ಕಂಪ್ಯೂಟರ್ ಚಿಪ್ಪಿಗೆ ಗೊತ್ತಿರುವ ಆಜ್ಞೆಗಳು ಅಷ್ಟು. ಮನುಷ್ಯರು ಬರೆದ ಪ್ರೋಗ್ರಾಮನ್ನು ಚಿಪ್ಪಿನ ಭಾಷೆಗೆ ಇಳಿಸುವ ಕಂಪೈಲರ್, ಕೊನೆಯ ಹಂತದಲ್ಲಿ ಆಜ್ಞೆಗಳನ್ನು ಹಿಂದೆ ಮುಂದೆ ಸರಿಸುತ್ತದೆ. ಒಂದರ ಫಲ ಬರುವ ತನಕ ಇನ್ನೊಂದು ಸುಮ್ಮನೆ ಕಾಯುತ್ತ ಕೂರಬಾರದು, ಅಷ್ಟೇ ಅದರ ಆಸೆ. ಆದರೆ ಯಾವುದನ್ನು ಸರಿಸಬಹುದು, ಯಾವುದನ್ನು ಮುಟ್ಟಬಾರದು, ಯಾವುದು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದು ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ಯಾರಾದರೂ ಕೂತು ಒಂದೊಂದನ್ನೂ ಅದರದರ ವರ್ಗಕ್ಕೆ ಹಾಕಬೇಕು: ಕೂಡುವವು, ಗುಣಿಸುವವು, ಓದುವವು, ಬರೆಯುವವು, ಮುಟ್ಟಬಾರದವು. ಹಾಗೆ ಹಾಕುವುದು ಹದಿನಾಲ್ಕು ವರ್ಷದಿಂದ ದೆಸಾಂಕಾಳ ಕೆಲಸ. ಮುನ್ನೂರ ಎಂಬತ್ತೇಳನೆಯದು ಓದುವ ಆಜ್ಞೆಯ ಹಾಗೆಯೇ ಕಾಣುತ್ತಿತ್ತು. ಮೈಕಿನಿಂದ ಬಂದ ದನಿಯ ತುಣುಕುಗಳು ಒಂದರ ಹಿಂದೊಂದು ನಿಂತಿರುತ್ತವೆ. ಈ ಆಜ್ಞೆ ಮೊದಲನೆಯದನ್ನು ಓದುತ್ತದೆ. ಆದರೆ ಓದಿದ ಕೂಡಲೇ ಆ ತುಣುಕು ಅಲ್ಲಿಂದ ಹೋಗಿಬಿಡುತ್ತದೆ. ಇನ್ನೊಂದು ಸಲ ಓದೋಣವೆಂದರೆ ಇರುವುದಿಲ್ಲ. ಇಂಥದ್ದನ್ನು ಬರೆದವನು ಎಲ್ಲಿಟ್ಟನೋ ಅಲ್ಲೇ ಬಿಡಬೇಕು, ಮುಟ್ಟಬಾರದವುಗಳ ವರ್ಗಕ್ಕೆ ಹಾಕಬೇಕು. ಅವಳು ಬರೀ ಓದುವವುಗಳ ಜೊತೆ ಹಾಕಿದ್ದಳು. ಕಂಪೈಲರ್ ಅವಳ ಮಾತನ್ನು ನಂಬಿತು. ತುಣುಕುಗಳ ಸಾಲಿನಲ್ಲಿ ಏನಾದರೂ ಇದೆಯೇ ಎಂದು ಕೇಳುವುದಕ್ಕೂ ಮುಂಚೆಯೇ ಓದುವುದನ್ನು ತಂದು ನಿಲ್ಲಿಸಿತು. ಹತ್ತು ಸಾವಿರ ಸಲಕ್ಕೊಮ್ಮೆ ಅಲ್ಲಿ ಏನೂ ಇರುತ್ತಿರಲಿಲ್ಲ. ಆಗ ಅದು ಖಾಲಿಯನ್ನೇ ಓದಿ ಕಿವಿಗೆ ಕಳಿಸುತ್ತಿತ್ತು. ಕಿವಿ ಮಂದವಾದವರು ಹಾಕಿಕೊಳ್ಳುವ ಯಂತ್ರದ ಚಿಪ್ ಅದು. ಹಾಕಿಕೊಂಡವರು ಮೂರು ತಿಂಗಳಿಂದ ಬರೆಯುತ್ತಿದ್ದರು: ಒಳಗೆ ಏನೋ ಟಕ್ ಎನ್ನುತ್ತದೆ.

ಹೋದ ವರ್ಷ ಇದೇ ದಿನ ಪಟ್ಟಿಯಲ್ಲಿ ಎರಡೇ ಸಾಲು ಉಳಿದಿದ್ದವು. ಎರಡರ ಮುಂದೆಯೂ ವ್ಲಾದೆತಾ ಪ್ರಶ್ನೆ ಚಿಹ್ನೆ ಹಾಕಿ, 'ನನ್ನನ್ನು ಕೇಳು' ಎಂದು ಬರೆದಿದ್ದ. ಕೇಳಬಹುದಿತ್ತು. ಆದರೆ ಅವತ್ತು ಅವನ ಮನೆಯ ಸಂತನ ಹಬ್ಬ, ಸ್ಲಾವಾ, ಅವನಿಗೆ ರಜೆ. ಮನೆಯಲ್ಲಿ ಮೇಣದಬತ್ತಿ ಉರಿಯುತ್ತಿರುವಾಗ ಯಜಮಾನನಿಗೆ ಫೋನು ಮಾಡಿ ಆಫೀಸಿನ ಮಾತಾಡುವುದುಂಟೇ? ಸಾವಿನ ಸುದ್ದಿಯನ್ನೂ ಜನ ಮಾರನೆಯ ದಿನಕ್ಕೆ ಇಟ್ಟುಕೊಳ್ಳುತ್ತಾರೆ. ಹೇಗೂ ಸಂಜೆ ಅವರ ಮನೆಗೆ ಹೋಗುತ್ತೇನಲ್ಲ, ಅಲ್ಲೇ ಕಿವಿಯಲ್ಲಿ ಕೇಳಿದರಾಯಿತು ಎಂದುಕೊಂಡಳು. ಪಟ್ಟಿ ಐದು ಗಂಟೆಗೆ ಕೊಡಬೇಕಿತ್ತು, ಪ್ರಶ್ನೆ ಚಿಹ್ನೆ ಇದ್ದ ಪಟ್ಟಿಯನ್ನು ಯಂತ್ರ ತೆಗೆದುಕೊಳ್ಳುವುದಿಲ್ಲ. ಸದ್ಯಕ್ಕೆ ಇಲ್ಲಿರಲಿ, ನಾಳೆ ತಿದ್ದುತ್ತೇನೆ ಎಂದು ಎರಡನ್ನೂ ಪಕ್ಕದ ಸಾಲಿನ ವರ್ಗಕ್ಕೇ ತಳ್ಳಿ, ಪ್ರಶ್ನೆ ಚಿಹ್ನೆಗಳನ್ನು ಅಳಿಸಿದಳು. ಸಂಜೆ ಅವರ ಮನೆಯಲ್ಲಿ ಎಲೆಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಸಾರ್ಮಾ ತಿಂದಳು, ಎರಡು ಲೋಟ ಪ್ಲಮ್ಮಿನ ರಾಕಿಯಾ ಕುಡಿದಳು, ಯಾರೋ ಹೇಳಿದ ಜೋಕಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೇಳಲಿಲ್ಲ. ಮಾರನೆಯ ದಿನವೂ ಇಲ್ಲ. ಮರೆತೇಹೋಯಿತು ಎಂದು ಈಗ ತನಗೇ ಹೇಳಿಕೊಂಡಳು, ಆದರೆ ಮರೆತಿರಲಿಲ್ಲ. ವಾರ ಬಿಟ್ಟು ಒಮ್ಮೆ ನೆನಪಾಗಿತ್ತು. ಆಗ ಎಲ್ಲ ಪರೀಕ್ಷೆಗಳೂ ಪಾಸಾಗಿದ್ದವು. ಪಾಸಾದದ್ದನ್ನು ಕೆದಕಬಾರದು ಎಂಬ ಜಾಣತನ ಬಂದಿತ್ತು.

ಹನ್ನೊಂದಕ್ಕೆ ಮೀಟಿಂಗ್. ಯಂತ್ರ ತಯಾರಿಸುವ ಉತ್ತರದ ದೇಶದವರು ಗೋಡೆಯ ಪರದೆಯ ಮೇಲೆ ಸಾಲಾಗಿ ಕೂತಿದ್ದರು, ಎಲ್ಲರದೂ ಒಂದೇ ಬಗೆಯ ಸ್ವೆಟರು. ಅವರು ಕೋಪಗೊಳ್ಳುವ ಜನವಲ್ಲ. ಕೋಪಗೊಂಡಿದ್ದರೆ ಚೆನ್ನಾಗಿರುತ್ತಿತ್ತು. ಮ್ಯಾನೇಜರ್ ಸ್ತ್ರಾಹಿನ್ಯಾ ಕಪ್ಪು ಅಂಗಿ ಹಾಕಿ ಬಂದಿದ್ದ, ಮೀಟಿಂಗ್ ಮುಗಿಸಿ ವ್ಲಾದೆತಾನ ಮನೆ ಹಬ್ಬಕ್ಕೆ ಹೋಗಬೇಕಲ್ಲ ಎಂದು. ಅದೇ ಅಂಗಿಯಲ್ಲಿ ನಿಂತು, ಟಕ್ ಎನ್ನುವುದರ ಮೂಲ ಸಿಕ್ಕಿದೆ ಎಂದು ಹೇಳಿದ. ದನಿಯನ್ನು ತೆಗೆದುಕೊಳ್ಳುವ ಭಾಗ ನಮ್ಮ ಹಳೆಯ ಸಹೋದ್ಯೋಗಿಯೊಬ್ಬರು ಹಳೆಯ ರೀತಿಯಲ್ಲಿ ಬರೆದದ್ದು, ಅದನ್ನು ಪೂರ್ತಿ ತೆಗೆದು ಹೊಸದಾಗಿ ಬರೆಸುತ್ತೇವೆ, ಆ ಸಹೋದ್ಯೋಗಿ ಇನ್ನು ಈ ಕೆಲಸದಲ್ಲಿ ಇರುವುದಿಲ್ಲ ಎಂದ. ಹೆಸರು ಹೇಳಲಿಲ್ಲ, ಆ ಭಾಗ ಬರೆದದ್ದು ವ್ಲಾದೆತಾ ಎಂದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಅವಳ ಕಡೆ ತಿರುಗಿ, "ದೆಸಾಂಕಾ, ನಿಮ್ಮ ಕಡೆಯಿಂದ ಎಲ್ಲ ಸರಿ ಇದೆ ಅಲ್ವಾ?" ಎಂದು ಕೇಳಿದ. ಅದು ಪ್ರಶ್ನೆಯಾಗಿರಲಿಲ್ಲ, ಉಸಿರು ತೆಗೆದುಕೊಳ್ಳಲು ಅವನಿಗೆ ಬೇಕಿದ್ದ ಬಿಡುವು. ನನ್ನದು, ಸಾಲು ಮುನ್ನೂರ ಎಂಬತ್ತೇಳು, ಅವರು ಬರೆದ ಕ್ರಮ ಸರಿಯಾಗಿಯೇ ಇದೆ, ಕ್ರಮ ಕೆಡಿಸಿದ್ದು ನನ್ನ ಪಟ್ಟಿ: ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಅರ್ಧ ನಿಮಿಷ. ಪರದೆಯ ಮೇಲಿನ ಹೆಂಗಸೊಬ್ಬಳು ತಟ್ಟೆಯಿಂದ ಬಿಸ್ಕತ್ತು ತೆಗೆದುಕೊಂಡು, ಸದ್ದಾದೀತೆಂದು ಕಚ್ಚದೆ ಕೈಯಲ್ಲೇ ಹಿಡಿದುಕೊಂಡಿದ್ದಳು. ದೆಸಾಂಕಾ ಅವಳನ್ನೇ ನೋಡುತ್ತ ತಲೆಯಾಡಿಸಿದಳು. ಹೌದು ಎಂದೋ ಅಲ್ಲ ಎಂದೋ ಅವಳಿಗೇ ತಿಳಿಯಲಿಲ್ಲ. ಸ್ತ್ರಾಹಿನ್ಯಾ ಹೌದು ಎಂದು ತಿಳಿದ.

ದೆಸಾಂಕಾ ಚಿಕ್ಕವಳಿದ್ದಾಗ ಅಜ್ಜಿ ಊಟದ ಮೇಜಿನ ಮೇಲೆ ಹುರುಳಿಕಾಯಿಯ ಒಣ ಬೀಜ ಸುರಿದು ಅವಳನ್ನು ಆರಿಸಲು ಕೂರಿಸುತ್ತಿದ್ದಳು. ಒಳ್ಳೆಯದು ಒಂದು ಗುಡ್ಡೆ, ಕಲ್ಲು ಒಂದು ಗುಡ್ಡೆ, ಗೊತ್ತಾಗದ್ದು ಮೂರನೆಯ ಗುಡ್ಡೆ. "ಗೊತ್ತಾಗದ್ದನ್ನ ನನ್ನ ಮುಂದೆ ಹಾಕು ಮರೀ, ನಾನು ಮುಟ್ಟಿ ನೋಡ್ತೀನಿ" ಎನ್ನುತ್ತಿದ್ದಳು. ಒಂದು ದಿನ ಹೊರಗೆ ಯಾರೋ ಆಟಕ್ಕೆ ಕೂಗಿದರು, ಏಳು ವರ್ಷದ ದೆಸಾಂಕಾ ಮೂರನೆಯ ಗುಡ್ಡೆಯನ್ನು ಅಂಗೈಯಲ್ಲಿ ಒಳ್ಳೆಯದರ ಕಡೆಗೆ ಸರಿಸಿ ಓಡಿದಳು. ಮಾರನೆಯ ಮಧ್ಯಾಹ್ನ ಅಜ್ಜನ ಹಲ್ಲು ಮುರಿಯಿತು. ಆ ಸದ್ದು ಅವಳಿಗೆ ಈಗಲೂ ಕೇಳುತ್ತದೆ. ಅಜ್ಜಿ ಕೈಯನ್ನು ಏಪ್ರನ್ನಿಗೆ ಒರೆಸುತ್ತ ಬಂದು, "ನನ್ನ ಕಣ್ಣು ಹೋಯ್ತು ಕಣ್ರೀ, ನಾನೇ ಸರಿಯಾಗಿ ನೋಡ್ಲಿಲ್ಲ" ಎಂದಳು. ದೆಸಾಂಕಾ ತಟ್ಟೆ ನೋಡುತ್ತ ಅಗಿಯುತ್ತಿದ್ದಳು. ಆಮೇಲೆ ಅಜ್ಜಿ ಕಾಳು ಆರಿಸುವುದನ್ನೇ ಬಿಟ್ಟಳು. ಸೂಜಿಗೆ ದಾರ ಪೋಣಿಸುವುದನ್ನೂ ಬಿಟ್ಟಳು. ಕಣ್ಣಿಗೆ ಏನೂ ಆಗಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಏಳದೆ ಅವಳು ಆ ಸಾಲನ್ನು ತಿದ್ದಿದಳು. ಎರಡು ಪದ, ಅಷ್ಟೇ; ಪ್ರಶ್ನೆ ಚಿಹ್ನೆಯಿದ್ದ ಇನ್ನೊಂದು ಸಾಲು ಅದೃಷ್ಟಕ್ಕೆ ಸರಿಯಾಗಿಯೇ ಇತ್ತು. ಪ್ರೋಗ್ರಾಮನ್ನು ಹೊಸದಾಗಿ ಕಟ್ಟಿ ಪರೀಕ್ಷೆಗೆ ಹಾಕಿದರೆ ಟಕ್ ಇಲ್ಲ. ಗಂಟೆಗಟ್ಟಲೆ ಓಡಿಸಿದರೂ ಇಲ್ಲ. ವ್ಲಾದೆತಾ ಬರೆದದ್ದು ಗಡಿಯಾರದ ಹಾಗೆ ನಡೆಯಿತು. ತಿದ್ದಿದ್ದನ್ನು ಕಳಿಸಲು ಮೇಲೊಂದು ಶೀರ್ಷಿಕೆ ಬರೆಯಬೇಕು. 'ಸಣ್ಣಪುಟ್ಟ ಪರಿಷ್ಕರಣೆ' ಎಂದು ಬರೆದಳು. ಬರೆದ ಮೇಲೆ ತನ್ನ ಕೈ ಏನು ಮಾಡುತ್ತಿದೆ ಎಂಬುದು ಅವಳಿಗೆ ಕಂಡಿತು. ವ್ಲಾದೆತಾನ ಭಾಗವನ್ನು ಹೇಗೂ ತೆಗೆಯುತ್ತಾರೆ. ಹೊಸಬರು ಬರೆಯುತ್ತಾರೆ. ಅದೇ ವಾರ ಈ ಎರಡು ಪದವೂ ಒಳಗೆ ಹೋಗುತ್ತವೆ, ಟಕ್ ನಿಲ್ಲುತ್ತದೆ, ನೋಡಿದಿರಾ, ಅವರ ಭಾಗ ತೆಗೆದ ಕೂಡಲೇ ನಿಂತಿತು ಎನ್ನುತ್ತಾರೆ. ಅವನೂ ಹಾಗೇ ಅಂದುಕೊಳ್ಳುತ್ತಾನೆ. ನಿವೃತ್ತಿಗೆ ಒಂದು ವರ್ಷ ಎರಡು ತಿಂಗಳು ಉಳಿದಿದೆ, ಮೂಲೆಯ ಕೋಣೆಯಲ್ಲಿ ಹಳೆಯ ಪರೀಕ್ಷೆಗಳ ಕಡತದ ಧೂಳು ಒರೆಸುತ್ತ ಕೂತಿರುತ್ತಾನೆ, ತನ್ನ ತಲೆ ಹೋಯಿತು ಎಂದು ನಂಬಿಕೊಂಡು. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅವಳಿಗೆ ನಾಚಿಕೆಯಾಯಿತು, ಆದರೆ ಶೀರ್ಷಿಕೆಯನ್ನು ಅಳಿಸಲಿಲ್ಲ, ಕಳಿಸಲೂ ಇಲ್ಲ. ಪರದೆ ಆರಿಸಿ ಕೋಟು ಹಾಕಿಕೊಂಡಳು. ಅವನ ಮನೆಗೆ ಹೋಗಿ ಅವನಿಗೇ ಹೇಳುತ್ತೇನೆ, ಮೊದಲು ಅವನಿಗೆ, ಆಮೇಲೆ ಯಾರಿಗೆ ಬೇಕಾದರೂ. ಹೀಗೆ ನಿಶ್ಚಯಿಸಿದ ಮೇಲೆ ಹಸಿವಾಯಿತು.

"ಬಸ್ಸಿಗೆ ಯಾಕೆ ಹೋಗ್ತೀಯ, ಬಾ, ನಾನೂ ಅಲ್ಲಿಗೇ" ಎಂದು ಸ್ತ್ರಾಹಿನ್ಯಾ ಕಾರಿನ ಬಾಗಿಲು ತೆರೆದ. ಹಿಂದಿನ ಸೀಟಿನಲ್ಲಿ ವೈನಿನ ಬಾಟಲಿ, ಅರ್ಧ ಕೆಜಿ ಕಾಫಿಪುಡಿ. ಅವಳೂ ಕಾಫಿಪುಡಿಯನ್ನೇ ತಂದಿದ್ದಳು. "ಸಾವ್ಕಾ ಅತ್ತೆ ಕಾಫಿ ಅಂಗಡಿ ಇಡಬಹುದು" ಎಂದು ಅವನು ವ್ಲಾದೆತಾನ ಹೆಂಡತಿಯನ್ನು ನೆನೆದು ನಕ್ಕ. ಸೇತುವೆ ದಾಟಿದ ಮೇಲೆ ಕನ್ನಡಿ ನೋಡುತ್ತ, "ಹೇಳಿಬಿಟ್ಟೆ ಕಣೇ" ಎಂದ.

"ಯಾರಿಗೆ?"

"ಅವರಿಗೇ. ಬೆಳಗ್ಗೆ ಹಬ್ಬದ ಶುಭಾಶಯ ಹೇಳೋಕೆ ಫೋನ್ ಮಾಡಿದ್ದೆ. ಬಾಯಿಂದ ಬಂದ್‌ಬಿಡ್ತು. ಮುಖ ನೋಡ್ಕೊಂಡು ಹೇಳೋ ಧೈರ್ಯ ನನಗಿಲ್ಲ, ನಿಜ ಹೇಳ್ತೀನಿ. ಅವರೇ ನನಗೆ ಕೆಲಸ ಕಲಿಸಿದ್ದು."

"ಹಬ್ಬದ ದಿನ?"

"ಬೈಯಿ. ಬೈಯಿ ಮಾರಾಯ್ತಿ, ಯಾರಾದ್ರೂ ಬೈದ್ರೆ ಸಮಾಧಾನ ಆಗುತ್ತೆ. ಅವರು ಬೈಲಿಲ್ಲ. 'ಹೌದಪ್ಪಾ, ನಂದೇ ಇರ್ಬೇಕು, ಹಾಗೇ ಬರೆದುಬಿಡು' ಅಂದ್ರು. ಸಾರ್ಮಾ ಆರಿಹೋಗುತ್ತೆ ಬೇಗ ಬಾ ಅಂದ್ರು."

ದೆಸಾಂಕಾ ಕಾಫಿಪುಡಿಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಈಗಲೇ ಇವನಿಗೆ ಹೇಳಿದರೆ ಇವನು ಕಾರು ನಿಲ್ಲಿಸುತ್ತಾನೆ, ನಿಂತ ಕಾರಿನಲ್ಲಿ ಇಬ್ಬರೂ ಕೂತಿರಬೇಕು, ಇವನು ತನ್ನನ್ನು ನೋಡುತ್ತಾನೆ. ಮೊದಲು ವ್ಲಾದೆತಾನಿಗೆ ಎಂದು ನಿಶ್ಚಯಿಸಿದ್ದು ಒಳ್ಳೆಯದಾಯಿತು ಎನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವೂ ಆಯಿತು.

ತೆಲೆಪ್ ಬಡಾವಣೆಯ ಆ ಮನೆಯ ಗೇಟು ತೆರೆದೇ ಇತ್ತು. ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ, ಗೊತ್ತಿದ್ದವರು ಬರುತ್ತಾರೆ. ಬರದಿದ್ದರೆ ಅದೊಂದು ಮಾತು. ಬಾಗಿಲಲ್ಲಿ ವ್ಲಾದೆತಾ ನಿಂತಿದ್ದ. ಅರವತ್ತನಾಲ್ಕರ ಉದ್ದ ಮನುಷ್ಯ, ಮದುವೆಯ ಕಾಲದ ಕೋಟು, ಕೊರಳಿಗೆ ದೊಡ್ಡದಾದ ಟೈ. "ಹಬ್ಬ ಒಳ್ಳೇದಾಗ್ಲಿ, ಯಜಮಾನ್ರೇ!" ಎಂದು ಸ್ತ್ರಾಹಿನ್ಯಾ ಸ್ವಲ್ಪ ಜೋರಾಗಿಯೇ ಕೂಗಿ ಅವನನ್ನು ಅಪ್ಪಿ ಮೂರು ಸಲ ಮುದ್ದಿಟ್ಟ. ವ್ಲಾದೆತಾ ಅವನ ಬೆನ್ನು ತಟ್ಟಿದ. ಯಾರು ಯಾರನ್ನು ಸಮಾಧಾನ ಮಾಡುತ್ತಿದ್ದಾರೆ ಎಂದು ತಿಳಿಯುವಂತಿರಲಿಲ್ಲ. ಬಂದವರಿಗೆಂದು ಬೇಯಿಸಿ ಸಕ್ಕರೆ, ಅಕ್ರೋಟು ಬೆರೆಸಿದ ಗೋಧಿಯ ತಟ್ಟೆ ಬಾಗಿಲ ಬಳಿಯೇ ಇತ್ತು, ಪಕ್ಕದಲ್ಲಿ ಚಮಚಗಳು. ಸ್ತ್ರಾಹಿನ್ಯಾ ಶಿಲುಬೆಯ ಗುರುತು ಮಾಡಿಕೊಂಡು ಒಂದು ಚಮಚ ಬಾಯಿಗೆ ಹಾಕಿಕೊಂಡು ಒಳಗೆ ಹೋದ. ದೆಸಾಂಕಾಳ ಕೋಟು ತೆಗೆದುಕೊಳ್ಳುತ್ತ ವ್ಲಾದೆತಾ, "ಯಾಕೆ ಮಗಳೇ, ಮುಖ ಹಿಂಗಿದೆ? ಊಟ ಮಾಡಿಲ್ವಾ?" ಎಂದ.

"ಮಾಮ, ನಿಮ್ಮ ಹತ್ರ ಒಂದು ಮಾತು."

"ಗೊತ್ತು, ಗೊತ್ತು." ಕೋಟನ್ನು ಗೂಟಕ್ಕೆ ಹಾಕಿ, ಅದರ ಭುಜವನ್ನು ಮಗುವಿನದೆಂಬಂತೆ ನೇರ ಮಾಡಿದ. "ನನಗಾಗಿ ಅವನ ಹತ್ರ ಜಗಳ ಆಡಿರ್ತೀಯ. ಬೇಡಮ್ಮ. ಮೂರು ತಿಂಗಳು ಹುಡುಕಿದೆ ನಾನು. ಒಂದೊಂದು ಸಾಲೂ ಬಾಯಿಪಾಠ ಆಗಿದೆ. ಸಿಗ್ಲಿಲ್ಲ. ಸಿಗ್ಲಿಲ್ಲ ಅಂದ್ರೆ ಏನರ್ಥ? ನೋಡೋ ಕಣ್ಣೇ ಹೋಗಿದೆ ಅಂತ." ಆಮೇಲೆ ಒಳಗಿನವರಿಗೆ ಕೇಳದಂತೆ ದನಿ ತಗ್ಗಿಸಿದ. "ಒಂದು ತಪ್ಪು ಮಾಡಿದೀನಿ, ನಿನಗೆ ಹೇಳ್ಬೇಕು. ಸೆಪ್ಟೆಂಬರಲ್ಲಿ ಒಂದು ದಿನ ನಿನ್ನ ಪಟ್ಟಿ ತೆಗೆದು ನೋಡೋಕೆ ಶುರು ಮಾಡ್ದೆ. ನಿನಗೆ ಹೇಳ್ದೆ. ಇನ್ನೂರನೇ ಸಾಲಿನ ತನಕ ನೋಡ್ದೆ. ಎಲ್ಲಾ ಮುತ್ತಿನ ಹಾಗೆ ಇತ್ತು. ಆಮೇಲೆ ನನಗೇ ನಾಚಿಕೆ ಆಯ್ತು. ಮುದುಕ ತನ್ನ ತಪ್ಪು ಮುಚ್ಕೊಳ್ಳೋಕೆ ಹುಡುಗೀನ ಅನುಮಾನಿಸ್ತಿದಾನಲ್ಲ ಅಂತ. ಮುಚ್ಚಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡ."

"ಮಾಮ, ಆ ಪಟ್ಟೀಲೇ—"

"ಇವತ್ತು ಬೇಡ." ಅವನು ಗೋಧಿಯ ಚಮಚವನ್ನು ಅವಳ ಬಾಯಿಯ ಹತ್ತಿರ ತಂದ. "ಒಳಗೆ ಬತ್ತಿ ಉರೀತಿದೆ. ಇವತ್ತು ಬರೀ ಊಟ."

ಅವಳು ಬಾಯಿ ತೆರೆದಳು. ಗೋಧಿ ಸಿಹಿಯಾಗಿತ್ತು. ಇನ್ನೂರು; ಇನ್ನು ನೂರ ಎಂಬತ್ತೇಳು ಸಾಲು ಮುಂದೆ ಹೋಗಿದ್ದರೆ ಅಲ್ಲಿ ಅವಳ ಹೆಸರು, ಅವನ ಹಬ್ಬದ ತಾರೀಖು ಎರಡೂ ಸಿಗುತ್ತಿದ್ದವು. ಅವನನ್ನು ತಡೆದದ್ದು ಅವನ ಮರ್ಯಾದೆ.

ಒಳಗೆ ಹತ್ತು ಹನ್ನೆರಡು ಜನ ಮೇಜಿನ ಸುತ್ತ ಒತ್ತಾಗಿ ಕೂತಿದ್ದರು. ನಡುವೆ ಹಬ್ಬದ ರೊಟ್ಟಿ, ಅದರ ಪಕ್ಕ ಎತ್ತರದ ಮೇಣದಬತ್ತಿ, ಅರ್ಧಕ್ಕೂ ಕೆಳಗೆ ಉರಿದಿತ್ತು. ಈ ದಿನ ಯಜಮಾನ ಕೂರುವಂತಿಲ್ಲ; ವ್ಲಾದೆತಾ ಕುರ್ಚಿಗಳ ಹಿಂದೆ ನಡೆಯುತ್ತ ಲೋಟ ತುಂಬಿಸುತ್ತಿದ್ದ. ಪಕ್ಕದ ಮನೆಯ ಗ್ರೋಜ್ದಾನಾ ಎಂಬ ದಪ್ಪ ಹೆಂಗಸು, "ನಿಂತೂ ನಿಂತೂ ನಿಮ್ಮ ಕಾಲು ಕೊಕ್ಕರೆ ಕಾಲಾಯ್ತು ವ್ಲಾದೆತಾ, ಕೊಕ್ಕರೆ ಕೋಟು ಹಾಕ್ಕೊಂಡ ಹಾಗಿದೆ" ಎಂದಳು. ಎಲ್ಲರೂ ನಕ್ಕರು. ಅವನೂ ನಕ್ಕ. ಸ್ತ್ರಾಹಿನ್ಯಾ ಎದ್ದು ಲೋಟ ಎತ್ತಿ, ಈ ಮನೆಯ ಯಜಮಾನರಿಂದ ತಾನು ಏನೆಲ್ಲ ಕಲಿತೆ ಎಂದು ಹೇಳಲು ಹೊರಟು, ಮಧ್ಯದಲ್ಲಿ ಕಣ್ಣೊರೆಸಿಕೊಂಡು, "ಆರೋಗ್ಯ, ಆರೋಗ್ಯ ಒಂದಿರ್ಲಿ" ಎಂದು ಕೂತುಬಿಟ್ಟ. ಎಷ್ಟು ಮೃದು ಮನಸ್ಸು ಇವನದು ಎಂದು ಯಾರೋ ಮೆಚ್ಚಿದರು. ದೆಸಾಂಕಾಳ ಮುಂದೆ ಸಾರ್ಮಾದ ತಟ್ಟೆ ಬಂತು. ಹಿಂದಿನಿಂದ ವ್ಲಾದೆತಾನ ಕೈ ಬಂದು ಅದರ ಮೇಲೆ ಇನ್ನೊಂದು ಸಾರ್ಮಾ ಹಾಕಿತು. ಆ ಕೈಯ ಹೆಬ್ಬೆರಳಿಗೆ ಮೇಣ ಅಂಟಿತ್ತು. ಅವಳಿಗೆ ಅದನ್ನು ಹಿಡಿದುಕೊಳ್ಳಬೇಕೆನಿಸಿತು, ಕೈ ಎತ್ತುವಷ್ಟರಲ್ಲಿ ಅದು ಪಕ್ಕದ ತಟ್ಟೆಗೆ ಹೋಗಿತ್ತು. ಅಗಿಯುತ್ತಿದ್ದ ಅವಳು ಒಮ್ಮೆಲೇ ನಿಲ್ಲಿಸಿದಳು. ಏಳು ವರ್ಷದವಳಿದ್ದಾಗಲೂ ಹೀಗೆಯೇ ತಟ್ಟೆ ನೋಡುತ್ತ ಅಗಿದಿದ್ದೆ ಎಂದು ನೆನಪಾಗಿ, ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದಳು.

ವ್ಲಾದೆತಾನ ಹೆಂಡತಿ ಸಾವ್ಕಾ ಒಲೆಯ ಕಡೆ ಮುಖ ಮಾಡಿ ನಿಂತು ಕಾಫಿ ಕುದಿಸುತ್ತಿದ್ದಳು. ಮಸುಕಾದ ಕಿಟಕಿಯಾಚೆ ಬೆಳಕು ಇಳಿಯುತ್ತಿತ್ತು. "ಸಾವ್ಕಾ ಅತ್ತೆ" ಎಂದು ಕರೆದಳು. ಅವಳು ತಿರುಗಲಿಲ್ಲ. ಆಮೇಲೆ ದೆಸಾಂಕಾಳಿಗೆ ಕಿಟಕಿಯ ಅಂಚಿನಲ್ಲಿದ್ದ ಸಾಸರು ಕಂಡಿತು, ಅದರಲ್ಲಿ ಹುರುಳಿಕಾಯಿಯ ಬೀಜದಷ್ಟು ದೊಡ್ಡ ಕಿವಿಯ ಯಂತ್ರ. ಆ ಚಿಪ್ ಹಾಕಿದ ಮೊದಲ ಯಂತ್ರಗಳಲ್ಲೊಂದನ್ನು ಪರೀಕ್ಷೆಗೆಂದು ಸಾವ್ಕಾಳಿಗೇ ಕೊಟ್ಟಿದ್ದರು. ಅದನ್ನು ಅವಳ ಕಿವಿಗೆ ಹಾಕಿದ ದಿನ ವ್ಲಾದೆತಾ ಆಫೀಸಿಗೆಲ್ಲ ಕೇಕು ತಂದಿದ್ದ. ಹಿಂಬದಿಯಿಂದ ಕರೆದರೆ ತಿರುಗುತ್ತಾಳೆ ಕಣ್ರೋ, ಹನ್ನೆರಡು ವರ್ಷ ಆಗಿತ್ತು ಎಂದಿದ್ದ. ಜನ ಸೇರಿದರೆ ಗದ್ದಲ ತಡೆಯದೆ ಅವಳು ಅದನ್ನು ತೆಗೆದಿಡುತ್ತಿದ್ದಳು. ದೆಸಾಂಕಾ ತಟ್ಟೆಗಳನ್ನು ಕೆಳಗಿಡಲಿಲ್ಲ. ಆ ಅಗಲವಾದ ಬೆನ್ನಿಗೆ, ಗಂಟು ಹಾಕಿದ ಏಪ್ರನ್ನಿನ ದಾರಕ್ಕೆ ಹೇಳಲು ಶುರು ಮಾಡಿದಳು.

"ಅತ್ತೆ, ಮಾಮಂದು ಏನೂ ತಪ್ಪಿಲ್ಲ. ತಪ್ಪು ನಂದು. ಹೋದ ವರ್ಷ ಇದೇ ದಿನ, ನಿಮ್ಮನೇಗೆ ಊಟಕ್ಕೆ ಬರೋ ಮುಂಚೆ. ಕೇಳು ಅಂತ ಬರ್ದಿದ್ರು ಮಾಮ. ನಾನು ಕೇಳ್ಲಿಲ್ಲ. ಅವರ ಗುರುತು ಅಳಿಸ್ಹಾಕಿದೆ. ನಿಮ್ಮ ಕಿವೀಲಿ ಟಕ್ ಅನ್ನೋದು ನಾನು. ಇವತ್ತು ಮೀಟಿಂಗಲ್ಲಿ ಕೇಳಿದ್ರು ಅತ್ತೆ, ಆಗ್ಲೂ ಹೇಳ್ಲಿಲ್ಲ. ಅವರು ನನ್ನ ಅನುಮಾನಿಸಿದ್ದಕ್ಕೆ ನನ್ನ ಹತ್ರ ಕ್ಷಮೆ ಕೇಳ್ತಿದಾರೆ."

ಎಷ್ಟು ಸುಲಭವಾಗಿ ಬಂತು. ಒಂದು ಪದವೂ ತಡವರಿಸಲಿಲ್ಲ, ಕ್ರಮ ತಪ್ಪಲಿಲ್ಲ. ಹೇಳಿ ಮುಗಿಸಿದಾಗ ಎದೆ ಹಗುರಾಗಿ ಅವಳಿಗೆ ಅಳು ಬಂತು, ಮೇಲಿನ ತಟ್ಟೆ ಜಾರಿ ಕೆಳಗಿನದಕ್ಕೆ ಬಡಿಯಿತು. ಕಾಫಿಯ ಪಾತ್ರೆ ಇಳಿಸಿ ತಿರುಗಿದ ಸಾವ್ಕಾ ಅವಳನ್ನು ನೋಡಿ ಬೆಚ್ಚಿದಳು.

"ಅಯ್ಯೋ, ಏನಾಯ್ತೇ ನಿನಗೆ? ಏನೋ ಹೇಳ್ತಿದ್ಯಾ? ತಾಳು, ತಾಳು, ಕಿವಿ ಹಾಕ್ಕೋತೀನಿ." ಒದ್ದೆ ಕೈಯನ್ನು ಒರೆಸಿಕೊಂಡು ಸಾಸರಿನಿಂದ ಯಂತ್ರ ತೆಗೆದು ಕಿವಿಗೆ ಸೇರಿಸಿ, ತಲೆ ಓರೆ ಮಾಡಿ ಹೊಂದಿಸಿಕೊಂಡಳು. "ಹ್ಞಾಂ. ಈಗ ಹೇಳು."

ದೆಸಾಂಕಾ ಬಾಯಿ ತೆರೆದಳು. ಈಗಷ್ಟೇ ಅಲ್ಲಿ ಸಾಲಾಗಿ ನಿಂತಿದ್ದ ಮಾತುಗಳಲ್ಲಿ ಒಂದೂ ಇರಲಿಲ್ಲ. ಒಮ್ಮೆ ಹೊರಗೆ ತೆಗೆದದ್ದೇ ಎಲ್ಲ ಹೋಗಿಬಿಟ್ಟಿದ್ದವು. ಸಾವ್ಕಾಳ ಮುಖ, ಅವಳ ಮೇಲ್ತುಟಿಯ ಬೆವರು, ಕೇಳಲು ಸಿದ್ಧವಾಗಿ ನಿಂತ ಆ ಕಿವಿ. "ಏನಿಲ್ಲ ಅತ್ತೆ" ಎಂದಳು.

"ಏನಿಲ್ದೆ ಅಳ್ತಾರಾ? ನನ್ನ ಕಿವಿ ಕೆಟ್ಟಿರಬಹುದು, ಕಣ್ಣು ನೆಟ್ಟಗಿದೆ." ಸಾವ್ಕಾ ಅವಳ ಕೈಯಿಂದ ತಟ್ಟೆ ಕಿತ್ತು ಇಟ್ಟು, ಮಣಿಕಟ್ಟು ಹಿಡಿದಳು. "ಬೆಳಗ್ಗೆ ಆ ಫೋನ್ ಬಂದಾಗಿಂದ ಅವನೂ ಹಿಂಗೇ. ಏನಿಲ್ಲ, ಏನಿಲ್ಲ. ನೀವೆಲ್ಲ ಸೇರ್ಕೊಂಡು ನನ್ನ ಹತ್ರ ಮುಚ್ಚಿಡ್ತಿದೀರ. ಬಾ ಇಲ್ಲಿ. ಅವನ ಮುಂದೆ ಹೇಳು."

ಅಡುಗೆಮನೆಯ ಬಾಗಿಲಲ್ಲಿ ನಿಂತು, ಕಿವಿ ಕೇಳದವರು ಮಾತಾಡುವಷ್ಟು ಜೋರಾಗಿ ಅವಳು ಕೂಗಿದಳು: "ವ್ಲಾದೆತಾ! ಕೂತ್ಕೋ. ಈ ಹುಡುಗಿ ನಿನಗೇನೋ ಹೇಳ್ಬೇಕಂತೆ."

ಗ್ರೋಜ್ದಾನಾ ಎದೆ ಮುಟ್ಟಿಕೊಂಡಳು. "ಸಾವ್ಕಾ, ಹಬ್ಬದ ದಿನ ಯಜಮಾನನ್ನ ಕೂರಿಸ್ತೀಯಾ?"

"ಕೂರ್ಲಿ. ಸಂತ ಏನೂ ಅನ್ಕೊಳಲ್ಲ."

ವ್ಲಾದೆತಾ ಹೆಂಡತಿಯನ್ನು ನೋಡಿದ, ದೆಸಾಂಕಾಳನ್ನು ನೋಡಿದ, ಕೈಯಲ್ಲಿದ್ದ ಬಾಟಲಿಯನ್ನು ಮೇಜಿನ ಮೇಲಿಟ್ಟು ದೆಸಾಂಕಾ ಬಿಟ್ಟೆದ್ದ ಕುರ್ಚಿಯ ಅಂಚಿನಲ್ಲಿ ಕೂತ. ಮೂವತ್ತೆಂಟು ವರ್ಷದಲ್ಲಿ ಈ ದಿನ ಅವನು ಕೂತದ್ದನ್ನು ಆ ಮನೆ ನೋಡಿರಲಿಲ್ಲ. ಕೂತಾಗ ಮುದುಕನಾಗಿ ಕಂಡ. ಟೈ ಹೊಟ್ಟೆಯ ಮೇಲೆ ಮಡಿಚಿಕೊಂಡಿತು. ಎಲ್ಲರೂ ಅವಳ ಕಡೆ ತಿರುಗಿದರು. ಸ್ತ್ರಾಹಿನ್ಯಾ ಸಣ್ಣಗೆ ತಲೆಯಾಡಿಸುತ್ತಿದ್ದ, ಇವಳು ಅವರ ಪರ ಏನೋ ಹೇಳುತ್ತಾಳೆ, ಹೇಳಲಿ, ಪಾಪ ಎನ್ನುವ ಹಾಗೆ. ಮೇಣದಬತ್ತಿಯ ಜ್ವಾಲೆ ಒಮ್ಮೆ ಬಾಗಿ ನೆಟ್ಟಗಾಯಿತು. ಯಾರೋ ಎದ್ದು ಹಿಂದಿನ ಬಾಗಿಲು ಮುಚ್ಚಿದರು. ವ್ಲಾದೆತಾ ಅವಳಿಗೆ ಸಹಾಯ ಮಾಡುವವನಂತೆ ಮುಂದಕ್ಕೆ ಬಾಗಿ, "ಹೇಳಮ್ಮ, ನಮ್ಮವರೇ ಎಲ್ಲ" ಎಂದ.

"ಗೋಧಿ," ಎಂದಳು ದೆಸಾಂಕಾ. "ಗೋಧಿ ತುಂಬಾ ಚೆನ್ನಾಗಿತ್ತು, ಮಾಮ."

ಮೊದಲು ಗ್ರೋಜ್ದಾನಾ ನಕ್ಕಳು, ಅವಳ ಹಿಂದೆ ಎಲ್ಲರೂ ನಕ್ಕರು, ಬಾಟಲಿ ಕೈ ಬದಲಾಯಿಸಿತು. ವ್ಲಾದೆತಾ ನಗಲಿಲ್ಲ. "ಅಷ್ಟೇನಾ?" ಎಂದ.

"ಅಷ್ಟೇ."

ಅವನು ಅವಳ ಮುಖವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದ. ಮೇಜಿಗೆ ಕೈ ಊರಿ ಎದ್ದ, ಬಾಗಿಲ ಬಳಿ ಹೋಗಿ ಗೋಧಿಯ ತಟ್ಟೆಯನ್ನೇ ತಂದು, ಒಂದು ಬಟ್ಟಲು ತುಂಬಿಸಿ ಅವಳ ಕೈಗೆ ಕೊಟ್ಟ. "ತಿನ್ನು ಮಗಳೇ. ನಾಳೆಗೂ ಕಟ್ಟಿಕೊಡ್ತೀನಿ." ಅವಳು ನಿಂತೇ ತಿನ್ನತೊಡಗಿದಳು.

ಬಾಗಿಲಲ್ಲಿ ಸಾವ್ಕಾ ತಟ್ಟನೆ ಕಿವಿಗೆ ಕೈ ಒತ್ತಿ ಮುಖ ಹಿಂಡಿದಳು. "ಹಾಳಾದ್ದು, ಮತ್ತೆ ಟಕ್ ಅಂತು."

ವ್ಲಾದೆತಾ ಕುರ್ಚಿಗಳ ಹಿಂದಿನಿಂದ ಅವಳ ಹತ್ತಿರ ಹೋಗಿ ಆ ಕಿವಿಯ ಮೇಲೆ ಅಂಗೈ ಇಟ್ಟ. "ನಂದೇ ತಪ್ಪು ಕಣೇ," ಎಂದ. "ತಪ್ಪಾಯ್ತು."